ಡೌನ್‌ಹಿಲ್‌ಗೆ ಎಲೆಕ್ಟ್ರಿಕ್ ಮೌಂಟನ್ ಬೈಕ್: ಹಬ್ ಮೋಟಾರ್ ಹಾಕಿಸಲಾ, ಮಿಡ್ ಡ್ರೈವ್ ಹಾಕಿಸಲಾ?

ಚಕ್ರದ ನಡುವೆ ಕೂರೋ ಹಬ್ ಮೋಟಾರಾ, ಪೆಡಲ್ ಹತ್ತಿರ ಕೂರೋ ಮಿಡ್ ಡ್ರೈವಾ ಅಂತ ನೀವು ಕೇಳಿದೀರ. ‘ಚಿಕ್ಕಬಳ್ಳಾಪುರದಲ್ಲಿದೀನಿ, ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರೋ) ಸೈಕಲ್ ಇದೆ, 80 ಸಾವಿರದೊಳಗೆ 1000 ವ್ಯಾಟ್ ಮೋಟಾರ್ ಕಿಟ್ ಹಾಕಿಸಿ ಬೆಟ್ಟ ಇಳೀಬೇಕು’ ಅಂತ ಬರೆದಿದೀರ. ಕೊನೇಲಿ ಒಂದು ಸಾಲು ಸೇರಿಸಿದೀರಲ್ಲ, ‘ಹಬ್ ಮೋಟಾರ್ ಆದ್ರೆ ರೀಜೆನ್ ಸಿಗತ್ತೆ, ಬ್ರೇಕಿನ ಖರ್ಚು ಉಳಿಯತ್ತೆ’ ಅಂತ (ರೀಜೆನ್ ಅಂದ್ರೆ ಮೋಟಾರೇ ಬ್ರೇಕಾಗಿ ಚಕ್ರ ಹಿಡಿದು ಬ್ಯಾಟರಿ ತುಂಬೋದು), ಅದನ್ನ ಓದ್ತಿದ್ದಂಗೆ ನನ್ನ ಕೈ ತಾನಾಗೇ ಎಡ ಹೆಗಲಿಗೆ ಹೋಯ್ತು. 2021ರಲ್ಲಿ ಇದೇ ಮಾತನ್ನ ನಾನು ಕೋಲಾರದಲ್ಲಿ ಸಿಕ್ಕಿದವರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದೆ.

ನಮ್ಮನೆ ಮಾಳಿಗೆ ಮೇಲೆ ನಿಂತ್ರೆ ಅಂತರಗಂಗೆ ಬೆಟ್ಟ ಕಾಣತ್ತೆ. ಹೊರಗಿನಿಂದ ಬಂದವರು ಬಸವನ ಬಾಯಿಂದ ಬೀಳೋ ನೀರು ಕುಡಿದು, ಮಂಗಗಳಿಂದ ಚೀಲ ಕಾಪಾಡ್ಕೊಂಡು, ಗುಹೆ ನೋಡಿ ಹೊರಟುಬಿಡ್ತಾರೆ. ಅಂತರಗಂಗೆ ಇರೋ ಶತಶೃಂಗ ಬೆಟ್ಟಸಾಲಿನ ಮೇಲುಗಡೆ ತೇರಹಳ್ಳಿ ಇದೆ, ಇನ್ನೂ ಕೆಲವು ಹಳ್ಳಿಗಳಿವೆ, ಹೊಲ ಇದೆ. ಅಲ್ಲಿಂದ ಕೆಳಕ್ಕೆ ಬಂಡೆಗಳ ಸಂದಿಯಲ್ಲಿ ದನ, ಕುರಿ, ಎತ್ತಿನ ಗಾಡಿ ಓಡಾಡಿ ಆದ ಮಣ್ಣು ದಾರಿಗಳು. ಅವನ್ನ ಇಳಿಯೋದು ನನಗೆ ಹುಚ್ಚು. ಹತ್ತೋದು ಮಾತ್ರ ಪ್ರಾಣ ತಿನ್ನೋದು. ಒಂದು ಸಲ ಹತ್ತಿ ಇಳಿಯೋ ಹೊತ್ತಿಗೆ ಬಿಸಿಲೇರಿರೋದು, ಎರಡನೇ ಸಲಕ್ಕೆ ಕಾಲಲ್ಲಿ ತ್ರಾಣ ಇರ್ತಿರಲಿಲ್ಲ. ಅದಕ್ಕೇ ಮೋಟಾರ್ ಹಾಕಿಸಿದೆ.

ಹಿಂದಿನ ಚಕ್ರಕ್ಕೆ 48 ವೋಲ್ಟ್, 1000 ವ್ಯಾಟ್‌ನ ಡೈರೆಕ್ಟ್ ಡ್ರೈವ್ (ಒಳಗೆ ಗೇರಿಲ್ಲದ) ಹಬ್ ಮೋಟಾರ್. ಕ್ಯಾರಿಯರ್ ಮೇಲೆ 13 ಆಂಪಿಯರ್ ಅವರ್ ಬ್ಯಾಟರಿ. ಮುಂದೆ 100 ಮಿ.ಮೀ. ಕುಗ್ಗೋ ಸ್ಪ್ರಿಂಗ್ ಫೋರ್ಕ್, ಸೈಕಲ್ ಜೊತೆಗೇ ಬಂದಿದ್ದು. ಬ್ರೇಕೂ ಅದರ ಜೊತೆಗೇ ಬಂದಿದ್ದು, ಕೇಬಲ್ ಎಳೆಯೋ ಡಿಸ್ಕು, ಎರಡೂ ಕಡೆ 160 ಮಿ.ಮೀ. ಮೋಟಾರು, ಬ್ಯಾಟರಿ, ಕರೆಂಟು ಹತೋಟಿಯಲ್ಲಿಡೋ ಕಂಟ್ರೋಲರು ಎಲ್ಲ ಸೇರಿ 62 ಸಾವಿರ ಆಯ್ತು. ಬ್ರೇಕಿಗೆ ಒಂದು ರೂಪಾಯಿನೂ ಹಾಕಲಿಲ್ಲ.

ಯಾಕಂದ್ರೆ ರೀಜೆನ್ ಇತ್ತು. ಲಿವರ್ ಸ್ವಲ್ಪ ಎಳೆದ್ರೆ ಅದರೊಳಗಿನ ಸ್ವಿಚ್ ಒತ್ತುತ್ತೆ, ಮೋಟಾರು ಡೈನಮೋ ಆಗಿ ಚಕ್ರವನ್ನ ಹಿಡಿಯತ್ತೆ, ಕರೆಂಟು ಬ್ಯಾಟರಿಗೆ ವಾಪಸ್ ಹೋಗತ್ತೆ. ಹಿಂದಿನಿಂದ ಗುಂಯ್ ಅಂತ ಒಂದು ಸದ್ದು ಬರತ್ತೆ, ಯಾರೋ ಸೀಟು ಹಿಡಿದು ಮೆಲ್ಲಗೆ ಎಳೆದಂಗೆ ಆಗತ್ತೆ. ನನಗದು ತುಂಬ ಹಿಡಿಸಿಬಿಡ್ತು. ಪ್ಯಾಡ್ ಸವೆಯಬಾರದು, ಹಿಡಿತವೆಲ್ಲ ಮೋಟಾರಿಂದಲೇ ಬರಲಿ ಅಂತ ಹಿಂದಿನ ಬ್ರೇಕಿನ ಕೇಬಲ್ ಸಡಿಲ ಮಾಡಿದೆ. ಲಿವರಿನ ಮೊದಲ ಅರ್ಧಕ್ಕೆ ರೀಜೆನ್, ಉಳಿದರ್ಧಕ್ಕೆ ಪ್ಯಾಡು. ಎರಡು ತಿಂಗಳು ಹಿಂಗೇ ಓಡಿಸಿದೆ, ಏನೂ ಆಗಲಿಲ್ಲ. ಅದನ್ನ ನೆನಸಿಕೊಂಡ್ರೆ ಈಗಲೂ ಮೈ ನಡುಗತ್ತೆ.

ಒಂದು ಭಾನುವಾರ ಪಕ್ಕದ ಮನೆಯವರ ಪಿಕಪ್ಪು ಟೊಮೇಟೊ ಮಾರ್ಕೆಟ್ಟಿಂದ ಖಾಲಿ ಕ್ರೇಟು ತುಂಬಿಕೊಂಡು ಮೇಲಕ್ಕೆ ಹೊರಟಿತ್ತು. ಹತ್ತೋ ಶ್ರಮ ಉಳೀತು, ಬ್ಯಾಟರಿನೂ ಉಳೀತು ಅಂತ ಸೈಕಲ್ಲನ್ನ ಕ್ರೇಟುಗಳ ಮೇಲೆ ಮಲಗಿಸಿದೆ. ರಾತ್ರಿಯೆಲ್ಲ ಚಾರ್ಜ್ ಮಾಡಿದ್ದೆ. ಮೇಲೆ ಇಳಿದಾಗ ಡಿಸ್‌ಪ್ಲೇಯಲ್ಲಿ 54.4 ವೋಲ್ಟ್ ಇತ್ತು. ಅದನ್ನ ನೋಡಿ ಖುಷಿಪಟ್ಟೆ.

ಮೊದಲ ತಿರುವಲ್ಲಿ ಒಂದೆರಡು ಸಲ ಗುಂಯ್ ಅಂತು. ಎರಡನೇ ಇಳಿಜಾರಿಗೆ ಲಿವರ್ ಎಳೆದೆ, ಸದ್ದೇ ಇಲ್ಲ. ಇನ್ನೂ ಎಳೆದೆ, ಲಿವರ್ ಪೊಳ್ಳಾಗಿ ಹ್ಯಾಂಡಲ್ ಹಿಡಿವರೆಗೂ ಬಂತು, ಪ್ಯಾಡು ಆಗ ತಾನೇ ಡಿಸ್ಕಿಗೆ ತಾಗ್ತಿತ್ತು. ಅದಕ್ಕಿಂತ ಮುಂದಕ್ಕೆ ಎಳೆಯೋಕೆ ಜಾಗ ಇರಲಿಲ್ಲ. ಉಳಿದಿದ್ದು ಮುಂದಿನ ಬ್ರೇಕು. ಸುಟ್ಟ ವಾಸನೆ ಮೂಗಿಗೆ ಬರ್ತಿತ್ತು, ಹಿಡಿತ ಕಡಿಮೆ ಆಗ್ತಾ ಬಂತು, ನಾನು ಬೆರಳಿಗೆ ಇದ್ದಬದ್ದ ಬಲ ಹಾಕಿದೆ. ಮೂರನೇ ತಿರುವಲ್ಲಿ ಚಪ್ಪಡಿ ಬಂಡೆ ಮೇಲೆ ಸಣ್ಣ ಜಲ್ಲಿ ಹರಡಿತ್ತು. ಮುಂದಿನ ಚಕ್ರ ಅದರ ಮೇಲೆ ಜಾರ್ತು, ಎಡಗಡೆ ಲಂಟಾನ ಪೊದೆ ಪಕ್ಕದ ಬಂಡೆಗೆ ಹೆಗಲು ಕೊಟ್ಟು ಬಿದ್ದೆ. ಕುರಿ ಮೇಯಿಸ್ತಿದ್ದ ಹುಡುಗನೊಬ್ಬ ಓಡಿ ಬಂದು ಸೈಕಲ್ ಎತ್ತೋಕೆ ಮುಂದಿನ ಚಕ್ರಕ್ಕೆ ಕೈ ಹಾಕಿದ, ಡಿಸ್ಕು ತಾಗಿ ಕೂಗ್ಕೊಂಡು ಕೈ ಕಿತ್ಕೊಂಡ. ಆಮೇಲೆ ನೋಡಿದ್ರೆ ಆ ಡಿಸ್ಕು ನೀಲಿಗೆ ತಿರುಗಿತ್ತು. ನನ್ನ ಕಾಲರ್ ಬೋನ್ ಎರಡು ತುಂಡು. ಒಂದು ಪ್ಲೇಟು, ಆರು ಸ್ಕ್ರೂ, ನಾಲ್ಕು ತಿಂಗಳು ಸೈಕಲ್ ಇಲ್ಲ. ಖರ್ಚು ಮೋಟಾರಿಗೆ ಆಗಿದ್ದಕ್ಕಿಂತ ಜಾಸ್ತಿ.

ಏನಾಗಿತ್ತು ಅಂತ ಬಿಡಿಸಿ ಹೇಳ್ತೀನಿ, ದಯವಿಟ್ಟು ಪೂರ್ತಿ ಓದಿ. 48 ವೋಲ್ಟ್ ಬ್ಯಾಟರಿ ಅಂದ್ರೆ ಒಳಗೆ ಸಾಲಾಗಿ 13 ಸೆಲ್ಲು. ಒಂದೊಂದು ಸೆಲ್ ತುಂಬಿದಾಗ 4.2 ವೋಲ್ಟ್, ಒಟ್ಟು 54.6. ಅದಕ್ಕಿಂತ ಮೇಲೆ ಕರೆಂಟು ನುಗ್ಗಿಸಿದ್ರೆ ಸೆಲ್ ಹಾಳಾಗತ್ತೆ, ಬೆಂಕಿನೂ ಹತ್ತಬಹುದು. ಅದಕ್ಕೇ ಬ್ಯಾಟರಿ ಒಳಗಿನ ಬಿಎಂಎಸ್ಸೋ (ಸೆಲ್ಲುಗಳನ್ನ ಕಾಯೋ ಸರ್ಕ್ಯೂಟು), ಹೊರಗಿನ ಕಂಟ್ರೋಲರೋ ವೋಲ್ಟೇಜು ಮಿತಿ ಮುಟ್ಟಿದ ತಕ್ಷಣ ರೀಜೆನ್ ನಿಲ್ಲಿಸಿಬಿಡತ್ತೆ. ತುಂಬಿದ ಕೊಡಕ್ಕೆ ಎಷ್ಟು ನೀರು ಹುಯ್ದರೂ ಹೊರಗೇ ಹೋಗೋದು. ಕರೆಂಟು ಹೋಗೋಕೆ ಜಾಗ ಇಲ್ಲ ಅಂದ್ರೆ ಮೋಟಾರಿಗೆ ಚಕ್ರ ಹಿಡಿಯೋಕೂ ಆಗಲ್ಲ. ಅಷ್ಟು ದಿನ ನಾನು ಕೋಲಾರದಿಂದ ಮೋಟಾರಲ್ಲೇ ಹತ್ತಿ ಹೋಗ್ತಿದ್ದೆ, ಮೇಲೆ ತಲುಪೋ ಹೊತ್ತಿಗೆ 49, 50 ವೋಲ್ಟಿಗೆ ಇಳಿದು ಬ್ಯಾಟರೀಲಿ ಜಾಗ ಇರೋದು, ಅದಕ್ಕೇ ರೀಜೆನ್ ಹಿಡೀತಿತ್ತು. ಪಿಕಪ್ಪಲ್ಲಿ ಹೋದ ದಿನ ಜಾಗ ಇರಲಿಲ್ಲ. ಕಿಟ್ ಜೊತೆ ಬಂದ ಪುಸ್ತಕದ ಕೊನೇ ಪುಟದಲ್ಲಿ ಇದು ಒಂದೇ ಸಾಲಲ್ಲಿ ಇತ್ತು. ಬಿದ್ದ ಮೇಲೆ ಓದಿದೆ.

ಅರ್ಥ ಆಯ್ತಲ್ಲ? ರೀಜೆನ್ ಕೈಕೊಡೋದು ಬೆಟ್ಟದ ತುದಿಯಲ್ಲಿ, ಬ್ಯಾಟರಿ ತುಂಬಿರುವಾಗ, ಇಡೀ ಇಳಿಜಾರು ಕಣ್ಮುಂದೆ ಇರುವಾಗ. 90 ಪರ್ಸೆಂಟಿಗೇ ಚಾರ್ಜ್ ನಿಲ್ಲಿಸ್ತೀನಿ ಅನ್ನಬಹುದು ನೀವು. ಒಂದು ದಿನ ಮರೀತೀರ. ಹೊಸ ಬ್ಯಾಟರಿ ಹಾಕಿಸ್ತೀರ. ಒಂದು ಕನೆಕ್ಟರ್ ಅಲುಗಾಡತ್ತೆ. ಬ್ರೇಕು ಅನ್ನೋದು ವೋಲ್ಟೇಜನ್ನ ಕೇಳಿ ಕೆಲಸ ಮಾಡಬಾರದು.

ಅಷ್ಟಕ್ಕೂ ರೀಜೆನ್ನಿಂದ ಬರೋದೆಷ್ಟು? ನಾನು 80 ಕೆ.ಜಿ., ಮೋಟಾರು ಬ್ಯಾಟರಿ ಸೇರಿ ಸೈಕಲ್ 28. ಈ 108 ಕೆ.ಜಿ. 100 ಮೀಟರ್ ಎತ್ತರದಿಂದ ಇಳಿದ್ರೆ ಬಿಡುಗಡೆಯಾಗೋ ಶಕ್ತಿ ಸುಮಾರು 29 ವ್ಯಾಟ್ ಅವರ್. ಒಂದು ಹನಿನೂ ಪೋಲಾಗದೆ ಒಳಗೆ ಹೋಯ್ತು ಅಂದ್ಕೊಂಡ್ರೂ 624 ವ್ಯಾಟ್ ಅವರ್ ಬ್ಯಾಟರಿಗೆ ಅದು 5 ಪರ್ಸೆಂಟೂ ಆಗಲ್ಲ. ಆದ್ರೆ ಬ್ರೇಕಿನ ಪಾಲಿಗೆ ಅದೇ ಶಕ್ತಿ ಬೆಂಕಿ. ಹತ್ತು ಅಡಿಗೆ ಒಂದು ಅಡಿ ಇಳಿಯೋ ದಾರೀಲಿ ಗಂಟೆಗೆ 25 ಕಿ.ಮೀ. ವೇಗವನ್ನ ಹಂಗೇ ಹಿಡಿದಿಟ್ಕೊಂಡು ಇಳಿದ್ರೆ ಲೆಕ್ಕಕ್ಕೆ 700 ವ್ಯಾಟ್ ಮೇಲೆ ಬರತ್ತೆ. ಗಾಳಿ, ಟೈರಿನ ಪಾಲು ಸ್ವಲ್ಪ ಕಳೀರಿ, ಉಳಿದದ್ದೆಲ್ಲ ಎರಡು ತೆಳು ಡಿಸ್ಕಿಗೆ. ಇಸ್ತ್ರಿಪೆಟ್ಟಿಗೆ ಪೂರ್ತಿ ಕಾವಲ್ಲಿ ಎಳೆಯೋದೂ ಹೆಚ್ಚುಕಡಿಮೆ ಇಷ್ಟೇ ಕರೆಂಟು.

ಹಂಗಾಗಿ ಹಬ್ ಮೋಟಾರಾ, ಮಿಡ್ ಡ್ರೈವಾ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಇಳಿಯೋಕೆ ಮೋಟಾರ್ ಬೇಡ. ಮೋಟಾರು ಹತ್ತೋಕೆ ಮಾತ್ರ, ಇಳಿಯುವಾಗ ಅದು ಬರೀ ಭಾರ. ಈ 80 ಸಾವಿರದಲ್ಲಿ ಮೊದಲನೇ ದುಡ್ಡು ಬ್ರೇಕಿಗೆ ಹೋಗಲಿ. ಕೇಬಲ್ ಬದಲು ದ್ರವದ ಒತ್ತಡದಿಂದ ಪಿಸ್ಟನ್ನು ಪ್ಯಾಡನ್ನ ಒತ್ತೋ ಹೈಡ್ರಾಲಿಕ್ಕೇ ಆಗಬೇಕು, ಸಾಧ್ಯವಾದ್ರೆ ನಾಲ್ಕು ಪಿಸ್ಟನ್ನಿನದು. ಪ್ಯಾಡು ಸವೆದಂತೆ ಪಿಸ್ಟನ್ನು ತಾನೇ ಮುಂದೆ ಬರತ್ತೆ, ಸವೆತದಿಂದ ಲಿವರ್ ಪೊಳ್ಳಾಗಲ್ಲ. ಉದ್ದ ಇಳಿಜಾರಿಗೆ ರೆಸಿನ್ (ಅಂಟಿನಲ್ಲಿ ಕಟ್ಟಿದ, ಮೆತ್ತನೆಯ) ಪ್ಯಾಡ್ ಬೇಡ, ಮೆಟಲ್ ಪ್ಯಾಡ್ ಹಾಕಿ, ಕಿರುಚಿದ್ರೂ ಪರವಾಗಿಲ್ಲ. ಡಿಸ್ಕು ಆ ಪ್ಯಾಡಿಗೆ ಒಗ್ಗುತ್ತಾ ನೋಡ್ಕೊಳ್ಳಿ, ಕಡಿಮೆ ಬೆಲೆಯ ಕೆಲವು ಡಿಸ್ಕಿನ ಮೇಲೇ ‘ರೆಸಿನ್ ಮಾತ್ರ’ ಅಂತ ಅಚ್ಚು ಹಾಕಿರ್ತಾರೆ. ಮುಂದೆ 203, ಹಿಂದೆ 180 ಮಿ.ಮೀ. ಇದ್ರೆ ಒಳ್ಳೇದು, ಆದ್ರೆ ಫೋರ್ಕು ಎಷ್ಟು ದೊಡ್ಡ ಡಿಸ್ಕ್ ತಡೆಯತ್ತೆ ಅಂತ ತಯಾರಕರು ಮಿತಿ ಹೇಳಿರ್ತಾರೆ. ಅದನ್ನ ಮೀರಬೇಡಿ, ಫೋರ್ಕಿನ ಕಾಲೇ ಮುರೀಬಹುದು.

ಎರಡನೇ ದುಡ್ಡು ಫೋರ್ಕು, ಟೈರು, ಮೈ ಕಾಪಿಗೆ. 100 ಮಿ.ಮೀ. ಸ್ಪ್ರಿಂಗ್ ಫೋರ್ಕು ಊರೊಳಗಿನ ರಸ್ತೆ ಉಬ್ಬಿಗೆ ಸರಿ. ಬಂಡೆ ದಾರಿ ಇಳಿಯೋ ಟ್ರೈಲ್ ಬೈಕಿಗೆ 130ರಿಂದ 150 ಇರತ್ತೆ, ಅಪ್ಪಟ ಡೌನ್‌ಹಿಲ್ ಬೈಕಿಗೆ 200. ನಿಮ್ಮ ಫ್ರೇಮು ಅಷ್ಟು ಉದ್ದದ ಫೋರ್ಕಿಗೆ ಮಾಡಿದ್ದಲ್ಲ, ಹಾಗಾಗಿ ಸುಮ್ಮನೆ ದೊಡ್ಡದು ತಂದು ತುರುಕಿದ್ರೆ ಆಗಲ್ಲ. ನನ್ನ ಕೇಳಿದ್ರೆ, ಮೋಟಾರಿಲ್ಲದ, ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರೋ ಸೆಕೆಂಡ್ ಹ್ಯಾಂಡ್ ಸೈಕಲ್ ತಗೊಂಡು ಒಂದು ವರ್ಷ ಅದರಲ್ಲೇ ಇಳೀರಿ. ತಳ್ಕೊಂಡು ಹತ್ತಿ, ಪಿಕಪ್ಪಲ್ಲಿ ಹತ್ತಿ. ನಮ್ಮ ಕಡೆ ಜಾಲಿ ಮುಳ್ಳು ಜಾಸ್ತಿ, ಟ್ಯೂಬ್‌ಲೆಸ್ ಮಾಡಿಸಿ, ತೂತು ತಾನೇ ಮುಚ್ಚೋ ಸೀಲೆಂಟ್ ಹುಯ್ಯಿಸಿ. ಫುಲ್ ಫೇಸ್ ಹೆಲ್ಮೆಟ್, ಮೊಣಕಾಲಿನ ಪ್ಯಾಡ್ ಇಲ್ಲದೆ ಒಂದು ದಿನನೂ ಬೇಡ.

ಇಲ್ಲ, ಮೋಟಾರ್ ಬೇಕೇ ಬೇಕು ಅಂದ್ರೆ ಮಿಡ್ ಡ್ರೈವ್. ಡೈರೆಕ್ಟ್ ಡ್ರೈವ್ ಹಬ್ಬು ಆರೇಳು ಕೆ.ಜಿ. ಅಷ್ಟೂ ಭಾರ ಹಿಂದಿನ ಚಕ್ರದೊಳಗೇ ಇರತ್ತೆ, ಪ್ರತಿ ಕಲ್ಲಿಗೂ ರಿಮ್ಮು, ಸ್ಪೋಕು ಆ ಭಾರದ ಏಟು ತಿನ್ನತ್ತೆ. ಸಾಲದ್ದಕ್ಕೆ ರೀಜೆನ್ ಇದ್ರೆ ಅಚ್ಚನ್ನ ಒಂದ್ಸಲ ಮುಂದಕ್ಕೆ, ಒಂದ್ಸಲ ಹಿಂದಕ್ಕೆ ತಿರುಚಿ ನಟ್ಟು ಸಡಿಲ ಮಾಡತ್ತೆ. ಅಚ್ಚು ತಿರುಗದಂತೆ ಹಿಡಿಯೋ ಟಾರ್ಕ್ ಆರ್ಮ್ ಇಲ್ಲದ ಅಲ್ಯೂಮಿನಿಯಂ ಫ್ರೇಮಲ್ಲಿ ಅಚ್ಚು ಕಿತ್ಕೊಂಡು ಬರೋ ಸಾಧ್ಯತೆ ಇದೆ. ಮಿಡ್ ಡ್ರೈವ್ ಪೆಡಲ್ ಹತ್ತಿರ, ತಗ್ಗಲ್ಲಿ ಕೂರತ್ತೆ. ಬಫಾಂಗ್ ಕಂಪನಿಯ ಬಿಬಿಎಸ್ 01 ಥರದ ಕಿಟ್ಟು 68ರಿಂದ 73 ಮಿ.ಮೀ. ಬಾಟಮ್ ಬ್ರ್ಯಾಕೆಟ್ಟಿಗೆ (ಪೆಡಲ್ ಅಚ್ಚು ಕೂರೋ ಕೊಳವೆಗೆ) ಕೂರತ್ತೆ, ಅಳೆದು ನೋಡಿ ತಗೊಳ್ಳಿ. ಗೇರ್ ಬದಲಾಯಿಸ್ಕೊಂಡು ಹತ್ತಬಹುದು, ಆದ್ರೆ ಚೈನು ಬೇಗ ಸವೆಯತ್ತೆ. ಬ್ಯಾಟರಿ ಕ್ಯಾರಿಯರ್ ಮೇಲೆ ಖಂಡಿತ ಬೇಡ, ಫ್ರೇಮಿನ ತ್ರಿಕೋನದೊಳಗೆ ಇಡಿ. ಬಾಷ್, ಶಿಮಾನೊ ಮೋಟಾರಿನ ಮೌಂಟನ್ ಬೈಕುಗಳೂ ಮಿಡ್ ಡ್ರೈವೇ. ಇಳಿಯುವಾಗ ಹಿಂದಿನ ಚಕ್ರದ ಫ್ರೀವೀಲು ಬಿಟ್ಕೊಂಡು ಚಕ್ರ ಮೋಟಾರನ್ನ ತಿರುಗಿಸೋದೇ ಇಲ್ಲ, ಅದಕ್ಕೇ ಅವುಗಳಲ್ಲಿ ರೀಜೆನ್ನೇ ಇಲ್ಲ, ಬ್ರೇಕಿನ ಕೆಲಸವೆಲ್ಲ ದೊಡ್ಡ ಡಿಸ್ಕುಗಳದ್ದು.

1000 ವ್ಯಾಟೂ ಬೇಡ. ನಮ್ಮ ದೇಶದ ನಿಯಮದಲ್ಲಿ ಮೋಟಾರು 250 ವ್ಯಾಟಿನೊಳಗೆ, ವೇಗ 25 ಕಿ.ಮೀ.ಯೊಳಗೆ ಇದ್ರೆ ಮಾತ್ರ ಅದು ನೋಂದಣಿ ಬೇಡದ ಸೈಕಲ್ಲು. ಅದರಾಚೆ ಹೋದ್ರೆ ಅದು ವಾಹನ. ಹತ್ತೋಕೆ 250 ವ್ಯಾಟ್ ಸಾಕೂ ಸಾಕು. ನೀವು 100 ವ್ಯಾಟ್ ತುಳಿದು ಮೋಟಾರು 250 ಕೊಟ್ರೆ 100 ಮೀಟರ್ ಎತ್ತರ ಐದಾರು ನಿಮಿಷದಲ್ಲಿ ಹತ್ತುತೀರ. ಇನ್ನೊಂದು, ನಿಮ್ಮ ಕಡೆ ಸ್ಕಂದಗಿರಿಗೆ ನಡೆದು ಹತ್ತೋಕೂ ಅರಣ್ಯ ಇಲಾಖೆ ಅನುಮತಿ ಬೇಕು, ಅಲ್ಲಿಗೆ ಸೈಕಲ್ ನುಗ್ಗಿಸೋ ಯೋಚನೆ ಬಿಡಿ. ಹೊಲದ ಮಧ್ಯದ ಬಂಡಿ ದಾರಿ ಹುಡುಕಿ, ಅಲ್ಲಿನವರನ್ನ ಕೇಳಿ ಓಡಿಸಿ.

ನನ್ನ ಸೈಕಲ್ಲಲ್ಲಿ ಈಗ ಹಬ್ಬೂ ಇಲ್ಲ, ರೀಜೆನ್ನೂ ಇಲ್ಲ. ಆ ನೀಲಿ ಡಿಸ್ಕನ್ನ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದೀನಿ. ನಿಮ್ಮ ಫೋರ್ಕಿನ ಕಾಲ ಮೇಲೆ ಮಾದರಿ ಹೆಸರು ಇರತ್ತೆ, ಈಗಿರೋ ಡಿಸ್ಕಿನ ಮೇಲೆ ಅಳತೆ ಇರತ್ತೆ. ಅವೆರಡನ್ನೂ ನೋಡಿ ಇಲ್ಲಿ ಬರೆದು ಹಾಕಿ, ಅದಕ್ಕೆ ಯಾವ ಬ್ರೇಕ್ ಕೂರತ್ತೆ ಅಂತ ಹೇಳ್ತೀನಿ. ಅಲ್ಲೀವರೆಗೆ ಕಿಟ್ಟಿಗೆ ಅಡ್ವಾನ್ಸ್ ಕೊಡಬೇಡಿ.