ಕಳಚಿದ ಕಿವಿಯೋಲೆ, ಕೀವಾದ ಕಿವಿ

ಪ್ರಶ್ನೆ: ಹಸುವಿನ ಕಿವಿಯೋಲೆ (ಗುರುತಿನ ಸಂಖ್ಯೆಯ ಟ್ಯಾಗ್) ಬೇಲಿಗೆ ಸಿಕ್ಕಿ ಕಿತ್ತುಬಂದಿದೆ. ಅದನ್ನೇ ಮತ್ತೆ ಹಾಕಬಹುದೇ? ಹೊಸದಾಗಿ ಓಲೆ ಹಾಕಿಸಿದ ಕರುವಿನ ಕಿವಿ ಕೀವಾಗಿದೆ, ಏಕೆ?

ಉತ್ತರ: ಹಾಕಲಾಗದು. ಒಮ್ಮೆ ಕೂಡಿದ ಮೇಲೆ ಬಿಚ್ಚಬಾರದೆಂದೇ ಅದರ ಬೀಗ ಮಾಡಿರುತ್ತಾರೆ. ತಂತಿ, ಅಂಟು ಹಾಕಿ ನಿಲ್ಲಿಸಿದರೆ ಕದ್ದ ದನವೇನೋ ಎಂಬ ಅನುಮಾನ ಬೇರೆ! ಬಿದ್ದ ಓಲೆಯನ್ನು ಜೋಪಾನವಾಗಿಡಿ; ಹಳೇ ಸಂಖ್ಯೆಗೆ ಅದೇ ಪುರಾವೆ. ಬದಲಿ ಓಲೆಗೆ ಕೂಡಲೇ ಅರ್ಜಿ ಕೊಡಿ, ಮಾರಾಟದ ಹಿಂದಿನ ದಿನದವರೆಗೆ ಕಾಯಬೇಡಿ. ಹೊಸ ಸಂಖ್ಯೆ ಬಂದರೆ ದಾಖಲೆ ಪುಸ್ತಕದಲ್ಲಿ ಹಳೆಯದನ್ನು ಅಳಿಸದೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನೂ ದಿನಾಂಕವನ್ನೂ ಬರೆಯಿರಿ. ಲಸಿಕೆ, ಗರ್ಭಧಾರಣೆಯ ವಿವರಗಳು ಹಳೇ ಸಂಖ್ಯೆಯಲ್ಲೇ ಉಳಿದುಬಿಡುವುದುಂಟು. ಎರಡನ್ನೂ ಜೋಡಿಸಿದ್ದಾರೆಯೇ ಎಂದು ಕೇಳಿ ನೋಡಿ. ಎಲೆಕ್ಟ್ರಾನಿಕ್ ಓಲೆಯಾದರೆ 15 ಅಂಕಿಗಳಿರುತ್ತವೆ. ಒಂದೊಂದಾಗಿ ಓದಿಸಿ ದಾಖಲೆಯೊಂದಿಗೆ ಹೋಲಿಸಿ, 6 ಮತ್ತು 8 ಅದಲುಬದಲಾಗುವುದುಂಟು.

ಕೀವಿಗೆ ಸಾಮಾನ್ಯ ಕಾರಣ ತಪ್ಪು ಜಾಗ ಇಲ್ಲವೇ ಕೊಳಕು ಸೂಜಿ. ಕಿವಿಯಲ್ಲಿ ಉದ್ದಕ್ಕೆ ಓಡುವ ಎರಡು ದಪ್ಪ ಮೃದ್ವಸ್ಥಿ ಏಣುಗಳ ನಡುವೆ, ತುದಿಗಿಂತ ಬುಡಕ್ಕೆ ಹತ್ತಿರ, ರಕ್ತನಾಳ ತಪ್ಪಿಸಿ ಚುಚ್ಚಬೇಕು. ತುದಿಗೆ ಹಾಕಿದರೆ ಬೇಲಿಗೆ ಸಿಕ್ಕಿ ಹರಿಯುತ್ತದೆ. ಕರುವಿನ ಕಿವಿ ದಪ್ಪವಾಗುವುದರಿಂದ ಓಲೆಯ ಎರಡು ಬಿಲ್ಲೆಗಳ ನಡುವೆ ಸಡಿಲ ಇರಬೇಕು. ಪ್ರತಿ ದನಕ್ಕೂ ಮುನ್ನ ಓಲೆ ಹಾಕುವ ಇಕ್ಕಳದ ಸೂಜಿಯನ್ನು ಸೋಂಕುನಾಶಕದಲ್ಲಿ ಅದ್ದಬೇಕು, ನೊಣ ಹೆಚ್ಚಿರುವ ದಿನಗಳನ್ನು ಬಿಡುವುದು ಲೇಸು. ಈಗ ಗಾಯವನ್ನು ಉಪ್ಪುನೀರಿನಲ್ಲಿ ತೊಳೆದು, ಓಲೆ ಮೆಲ್ಲಗೆ ತಿರುಗುತ್ತದೆಯೇ ನೋಡಿ. ಹುಳು ಬಿದ್ದಿದ್ದರೆ, ಕಿವಿ ಬಿಸಿಯಾಗಿ ಊದಿದ್ದರೆ ಪಶುವೈದ್ಯರಿಗೇ ತೋರಿಸಿ. ಓಲೆಯನ್ನು ನೀವೇ ಕತ್ತರಿಸಬೇಡಿ.