ಲೋಹೀಯ ಗಾಜು ಕಡ್ಡಿಯಾಗಿದ್ದಾಗ ಥಟ್ಟನೆ ಮುರಿದು, ನ್ಯಾನೋ ಗಾತ್ರದಲ್ಲಿ ಹಿಗ್ಗುವುದೇಕೆ?

ಲೋಹೀಯ ಗಾಜಿನ, ಅಂದರೆ ಪರಮಾಣುಗಳು ಗಾಜಿನಲ್ಲಿರುವಂತೆ ಕ್ರಮವಿಲ್ಲದೆ ಜೋಡಣೆಯಾದ ಮಿಶ್ರಲೋಹದ, ಮಿಲಿಮೀಟರ್ ದಪ್ಪದ ಕಡ್ಡಿ ಎಳೆತದ ಪರೀಕ್ಷೆಯಲ್ಲಿ ಥಟ್ಟನೆ ಮುರಿಯುತ್ತದೆ, ಅದೇ ಮಿಶ್ರಲೋಹದ ನ್ಯಾನೋ ಕಂಬ (ನ್ಯಾನೋಮೀಟರ್ ಅಳತೆಯ ಸಣ್ಣ ಕಡ್ಡಿ) ಮಾತ್ರ ಹಿಗ್ಗುತ್ತದೆ. ಯಾವುದನ್ನು ನಂಬಬೇಕು ಎಂದು ಕೇಳಿದ್ದೀರಿ. ಎರಡೂ ನಿಜವಿರಬಹುದು. ಬಲದ ಅಂಕಿಯನ್ನು ಒಂದು ಗಾತ್ರದಿಂದ ಇನ್ನೊಂದಕ್ಕೆ ಎಚ್ಚರಿಕೆಯಿಂದ ಅನ್ವಯಿಸಬಹುದು, ಹಿಗ್ಗುವಿಕೆಯ ಅಂಕಿಯನ್ನು ಹಾಗೆ ಅನ್ವಯಿಸಲಾಗದು ಎಂಬುದು ನನ್ನ ನಿಲುವು.

ಸ್ಫಟಿಕ ರಚನೆಯಿಲ್ಲದ ಈ ವಸ್ತು ಕೋಣೆಯ ತಾಪಮಾನದಲ್ಲಿ ಶಾಶ್ವತವಾಗಿ ವಿರೂಪಗೊಳ್ಳುವುದು ಸುಮಾರು 10ರಿಂದ 20 ನ್ಯಾನೋಮೀಟರ್ ದಪ್ಪದ ಶಿಯರ್ ಬ್ಯಾಂಡ್‌ಗಳಲ್ಲಿ, ಅಂದರೆ ವಸ್ತುವಿನ ಒಂದು ಭಾಗ ಇನ್ನೊಂದರ ಮೇಲೆ ಜಾರುವ ತೆಳು ಪಟ್ಟಿಗಳಲ್ಲಿ. ಬ್ಯಾಂಡಿನೊಳಗೆ ವಸ್ತು ಮೆತ್ತಗಾಗುವುದರಿಂದ ಮುಂದಿನ ಜಾರಿಕೆಯೂ ಅಲ್ಲೇ ನಡೆಯುತ್ತದೆ. ಆದ್ದರಿಂದಲೇ ಜಿರ್ಕೋನಿಯಂ ಆಧಾರಿತ ಲೋಹೀಯ ಗಾಜಾದ ವಿಟ್ರೆಲಾಯ್ 1 ಸುಮಾರು 1.9 ಗಿಗಾಪಾಸ್ಕಲ್ ಒತ್ತಡವನ್ನು ತಾಳಿ, ಶೇ. 2ರಷ್ಟು ಸ್ಥಿತಿಸ್ಥಾಪಕವಾಗಿ ಹಿಗ್ಗಿದರೂ, ಎಳೆತದಲ್ಲಿ ಅದರಾಚೆಗೆ ಒಂದೇ ಬ್ಯಾಂಡಿನಲ್ಲಿ ಮುರಿದುಬೀಳುತ್ತದೆ.

ಅದುಮುವ ಪರೀಕ್ಷೆಯಲ್ಲಿ ವಿಷಯ ಸೂಕ್ಷ್ಮವಾಗುತ್ತದೆ. ಮಾದರಿಯ ಎತ್ತರವು ವ್ಯಾಸದ ಎರಡು ಪಟ್ಟಿಗಿಂತ ತೀರಾ ಕಡಿಮೆಯಿದ್ದರೆ ಬ್ಯಾಂಡು ಯಂತ್ರದ ಫಲಕಕ್ಕೆ ತಾಗಿ ನಿಲ್ಲುತ್ತದೆ, ಮುರಿಯದೆ ವಿರೂಪಗೊಳ್ಳುವ ಇಲ್ಲದ ಸಾಮರ್ಥ್ಯವನ್ನು ನಾವು ವಸ್ತುವಿನ ಗುಣವೆಂದು ಬರೆದುಕೊಳ್ಳುತ್ತೇವೆ. ಇದಕ್ಕಿಂತ ಹೆಚ್ಚಾಗಿ ಕಡೆಗಣಿಸಲ್ಪಡುವುದು ಯಂತ್ರದ ಬಿಗಿತ: ಬ್ಯಾಂಡು ಜಾರಿದ ಕ್ಷಣದಲ್ಲಿ ಮಾದರಿಯಲ್ಲಷ್ಟೇ ಅಲ್ಲದೆ ಯಂತ್ರದ ಚೌಕಟ್ಟಿನಲ್ಲಿ ಸಂಗ್ರಹವಾದ ಶಕ್ತಿಯೂ ಅದರ ಮೇಲೆ ಸುರಿಯುತ್ತದೆ. ಅದೇ ಯಂತ್ರದಲ್ಲಿ ಸಣ್ಣ ಮಾದರಿಯನ್ನಿಟ್ಟರೆ, ಮಾದರಿಗೆ ಹೋಲಿಸಿದಾಗ ಯಂತ್ರ ಹೆಚ್ಚು ಬಿಗಿಯಾಗಿರುವುದರಿಂದ, ಜಾರಿಕೆ ತಹಬದಿಗೆ ಬರುತ್ತದೆ. ಗಾತ್ರದ ಪರಿಣಾಮವೆಂದು ವರದಿಯಾಗುವುದರಲ್ಲಿ ಒಂದು ಪಾಲು ಯಂತ್ರದ್ದೇ.

ನ್ಯಾನೋಇಂಡೆಂಟೇಷನ್‌ನಲ್ಲಿ, ಅಂದರೆ ಗಟ್ಟಿಯಾದ ಸೂಕ್ಷ್ಮ ಮೊನೆಯನ್ನು ಮೇಲ್ಮೈಗೆ ಒತ್ತುವ ಪರೀಕ್ಷೆಯಲ್ಲಿ, ನಿಧಾನವಾಗಿ ಭಾರ ಹೇರಿದರೆ ಭಾರ ಮತ್ತು ಆಳದ ರೇಖೆಯಲ್ಲಿ ಕಾಣುವ ಮೆಟ್ಟಿಲುಗಳು ಬ್ಯಾಂಡ್‌ಗಳ ಚಟುವಟಿಕೆಯನ್ನು ತೋರಿಸುತ್ತವೆ. ಆದರೆ ಮೊನೆಯ ಸುತ್ತ ವಸ್ತು ಉಬ್ಬಿಕೊಳ್ಳುವುದರಿಂದ ಈ ರೇಖೆಯಿಂದಲೇ ಗಡಸುತನವನ್ನು ಲೆಕ್ಕಹಾಕುವ ಆಲಿವರ್–ಫಾರ್ ವಿಧಾನವು ಸ್ಪರ್ಶ ವಿಸ್ತೀರ್ಣವನ್ನು ಕಡಿಮೆ ಅಂದಾಜಿಸಿ ಗಡಸುತನವನ್ನು ಹೆಚ್ಚಾಗಿ ತೋರಿಸಬಲ್ಲದು; ಮೊನೆ ಮೂಡಿಸಿದ ಅಚ್ಚನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತಿದ್ದಿಕೊಳ್ಳಿ.

ಸುಮಾರು 100 ನ್ಯಾನೋಮೀಟರ್ ವ್ಯಾಸದ ಜಿರ್ಕೋನಿಯಂ ಗಾಜಿನ ಕಂಬಗಳು ಎಳೆತದಲ್ಲಿ ಕುತ್ತಿಗೆಯಂತೆ ಸಣ್ಣಗಾಗಿ ಹಿಗ್ಗಿದ್ದು 2010ರಲ್ಲಿ ಪ್ರಕಟವಾಯಿತು. ಅಷ್ಟು ಸಣ್ಣ ಪರಿಮಾಣದಲ್ಲಿ ಬ್ಯಾಂಡು ಪೂರ್ಣವಾಗಿ ಬೆಳೆಯಲು ಬೇಕಾದ ಶಕ್ತಿ ಸಾಲದು ಎಂಬ ವಿವರಣೆ ನನಗೆ ಒಪ್ಪಿಗೆ. ಆದರೂ ಕಂಬವನ್ನು ಗ್ಯಾಲಿಯಂ ಅಯಾನು ಕಿರಣದಿಂದ ಕೊರೆದಿದ್ದರೆ ಮೇಲ್ಮೈಯ ಹಾನಿಯನ್ನೂ, ತುದಿ ಕಿರಿದಾಗಿದ್ದರೆ ಒತ್ತಡದ ಅಸಮತೆಯನ್ನೂ ಮೊದಲು ಪರಿಶೀಲಿಸಬೇಕು.

ನೀವೇ ಹೋಲಿಕೆ ಮಾಡುವುದಾದರೆ ಎಲ್ಲ ಮಾದರಿಗಳನ್ನೂ ಒಂದೇ ಎರಕದಿಂದ ಕತ್ತರಿಸಿ. ವೇಗವಾಗಿ ತಣಿದ ತೆಳು ಪಟ್ಟಿಯನ್ನೂ ನಿಧಾನವಾಗಿ ತಣಿದ ದಪ್ಪ ಕಡ್ಡಿಯನ್ನೂ ಹೋಲಿಸಿದರೆ ಗಾತ್ರದ ಜೊತೆಗೆ ಪರಮಾಣು ರಚನೆಯೂ ಬದಲಾಗಿರುತ್ತದೆ. ಬಿಡಿಭಾಗದ ವಿನ್ಯಾಸಕ್ಕಾಗಿ ಕೇಳುತ್ತಿದ್ದರೆ ಕಂಬದ ಫಲಿತಾಂಶವನ್ನು ಬದಿಗಿಟ್ಟು, ಬಳಸಲಿರುವ ದಪ್ಪದಲ್ಲೇ ಬಾಗಿಸುವ ಪರೀಕ್ಷೆಯನ್ನೂ ಮೊದಲೇ ಮೂಡಿಸಿದ ಬಿರುಕಿನ ಮೊನೆಯಿಂದ ಆರಂಭಿಸುವ ಮುರಿತದ ಪರೀಕ್ಷೆಯನ್ನೂ ಮಾಡಿಸಿ.