ಅತ್ತೆ ಬಾಯಿಗೆ ಸಿಕ್ಕವಳು

ಸುಮಾ ಅಂತಿಟ್ಕೊಳ್ಳಿ, ನಿಜವಾದ ಹೆಸರಲ್ಲ, ಇನ್ನೂ ಒಂದೆರಡು ವಿವರ ಬದಲಾಯಿಸಿದ್ದೀನಿ. 36 ವರ್ಷ, ಡಿವೋರ್ಸ್ ಆಗಿ ಹನುಮಂತನಗರದ ತವರುಮನೇಲಿದಾರೆ. ನಿದ್ದೆ ಬರಲ್ಲ ಅಂತ ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದ್ರು, ಕೇಳ್ತಾ ಹೋದ್ರೆ ನಿದ್ದೆ ಕೆಡೋದು ಯಾವ್ದಾದ್ರೂ ಫಂಕ್ಷನ್ ಹತ್ರ ಬಂದಾಗ ಮಾತ್ರ, ಯಾಕಂದ್ರೆ ಅಲ್ಲಿ ಸೋದರತ್ತೆ ಸಿಗ್ತಾರೆ, ಅಪ್ಪನ ಅಕ್ಕ. ಬಸವನಗುಡೀಲಿ ಒಂದು ನಾಮಕರಣ, ಪಂಕ್ತೀಲಿ ಕೂತು ಎಲೆಗೆ ಕೋಸಂಬರಿ ಬೀಳ್ತಿರೋವಾಗ ಆಯಮ್ಮ ಎಲ್ರಿಗೂ ಕೇಳೋ ಹಾಗೆ "ಹೊಂದ್ಕೊಂಡು ಹೋಗೋ ಬುದ್ಧಿ ಇದ್ದಿದ್ರೆ ಇವಳ ಮಗೂದೂ ಯಾವತ್ತೋ ಆಗಿರೋದು" ಅಂದ್ರಂತೆ.

"ಕ್ಷಮಿಸ್ಬಿಡು ಅಂತಾರೆ ಎಲ್ರೂ, ಆಗ್ತಿಲ್ಲ ಮೇಡಂ."

ನಾನು ಕ್ಷಮಿಸಿ ಅನ್ನಲಿಲ್ಲ. ನೋವಾಗಿದೆ ಅಂತ ಒಪ್ಕೊಳ್ಳದೆ ಕರುಣೆ ತೋರ್ಸೋದು ಕುದೀತಿರೋ ಪಾತ್ರೆಗೆ ಮುಚ್ಚಳ ಒತ್ತಿದ ಹಾಗೆ, ನಮ್ಮ ಮನೆಗಳಲ್ಲಿ ಹೆಣ್ಮಕ್ಕಳಿಗೆ ಕಲಿಸೋದೂ ಅದನ್ನೇ ಬಿಡಿ. ಎರಡು ಸೆಷನ್ ಬರೀ ಬೈದ್ರು, ಬೈಲಿ ಅಂತ ಬಿಟ್ಟೆ.

ಮೂರನೇ ಸಲ ಒಂದು ವಿಷ್ಯ ಹೇಳ್ದೆ. ಬೇರೆಯವ್ರ ಪರಿಸ್ಥಿತಿ ನೋಡದೆ ಅವ್ರ ಗುಣಾನೇ ಹಾಗೆ ಅಂದ್ಕೊಳ್ಳೋ ಅಭ್ಯಾಸ ನಮ್ಮೆಲ್ರಿಗೂ ಇದೆ, ಲೀ ರಾಸ್ ಅನ್ನೋ ಮನಶ್ಶಾಸ್ತ್ರಜ್ಞ 1977ರಲ್ಲೇ ಆ ತಪ್ಪಿಗೊಂದು ಹೆಸರಿಟ್ಟಿದಾರೆ. ಅತ್ತೆ ನಿಮ್ಮ ಸಂಸಾರದೊಳಗೆ ಏನಾಯ್ತು ಅಂತ ನೋಡದೆ ಜಂಬದವಳು ಅಂತ ತೀರ್ಮಾನ ಮಾಡಿದ್ರು, ಸರಿ, ನೀವು ಅವ್ರ ಬಗ್ಗೆ? ತುಂಬಾ ಹೊತ್ತು ಸುಮ್ನಿದ್ರು. ಆಮೇಲೆ ತಾವೇ ಹೇಳಿದ್ದು: ಅತ್ತೆಗೆ ಚಿಕ್ಕ ವಯಸ್ಸಲ್ಲೇ ಮದುವೆ, ಮಾವ ಕುಡಿದು ಹೊಡೀತಿದ್ರು, ಒಂದ್ಸಲ ತವರಿಗೆ ಓಡಿ ಬಂದಾಗ ತಾತ ಅದೇ ರಾತ್ರಿ ಬಸ್ ಹತ್ತಿಸಿ ವಾಪಸ್ ಕಳ್ಸಿದ್ರಂತೆ. "ನನ್ನ ಸೇರಿಸ್ಕೊಂಡ್ರು ಮೇಡಂ, ಅವ್ರನ್ನ ಸೇರಿಸ್ಲಿಲ್ಲ."

ಹಾಗಂತ ಅತ್ತೆ ಅಂದಿದ್ದು ಸರಿ ಆಗಲ್ಲ. ಮುಂದಿನ ಸಲ ಒಂದೇ ಮಾತು ಹೇಳಿ, "ಅತ್ತೆ, ಈ ಮಾತಿಂದ ನಂಗೆ ನೋವಾಗತ್ತೆ, ಬೇರೆ ಏನಾದ್ರೂ ಮಾತಾಡಣ", ವಾದ ಬೇಡ, ಮತ್ತೆ ಶುರು ಮಾಡಿದ್ರೆ ಎದ್ದು ಬನ್ನಿ ಅಂದೆ. ಕನ್ನಡಿ ಮುಂದೆ ಜೋರಾಗಿ ಹೇಳಿ ರೂಢಿ ಮಾಡ್ಕೊಳ್ಳಿ ಅಂತಾನೂ. (ಹೊಡೆತ ಬಡಿತ ಇರೋ ಕೇಸಾಗಿದ್ರೆ ಕರುಣೆ ಮಾತೇ ಎತ್ತಲ್ಲ, ಮೊದ್ಲು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ ಅಂತೀನಿ.)

ಗೌರಿ ಹಬ್ಬಕ್ಕೆ ಅಪ್ಪನ ಜೊತೆ ಅತ್ತೆಗೆ ಬಾಗಿನ ಕೊಡೋಕೆ ಹೋಗಿದ್ರು. ಮಾತು ಎದ್ದೇ ಎದ್ದಿತು, ಸುಮಾ ಗಂಟಲು ನಡುಗ್ತಾನೇ ಹೇಳಿದ್ರಂತೆ. ಅತ್ತೆ "ನಂಗ್ಯಾಕಮ್ಮ ಊರ ಉಸಾಬರಿ" ಅಂತ ಮುಖ ತಿರುಗಿಸ್ಕೊಂಡು ಒಳಗೆ ಹೋದ್ರು. ಆ ರಾತ್ರಿ ನಿದ್ದೆ ಬಂತು.

ಈಗ ಅವ್ರ ಪ್ರಶ್ನೆ ಅತ್ತೆ ಬಗ್ಗೆ ಅಲ್ಲ. ನಾಮಕರಣದ ದಿನ ಪಕ್ಕದ ಎಲೇಲೇ ಕೂತಿದ್ದ ಅಪ್ಪ ಯಾಕೆ ಬಾಯಿ ಬಿಡ್ಲಿಲ್ಲ ಅಂತ. ಮುಂದಿನ ಬುಧವಾರ ಅಲ್ಲಿಂದ ಶುರು.